ಕತ್ತರಿ ಬಿದ್ದ ಬಟ್ಟೆ

ಬಸ್ಸು ತಡವಾಗಿ ನಿಂಬೆವ್ವ ಸಭಾಭವನದ ಒಳಗೆ ಕಾಲಿಟ್ಟಾಗ ವೇದಿಕೆಯ ಅತಿಥಿಗಳೆಲ್ಲ ಶಾಲು ಹೊದ್ದು ಕೂತಿದ್ದರು. ಎರಡು ಹೆಜ್ಜೆ ಮುಂದೆ ಬಂದವಳು ಗಕ್ಕನೆ ನಿಂತಳು. ಅವು ಶಾಲುಗಳಲ್ಲ, ತಾನು ನೇಯ್ದ ಬಟ್ಟೆಯ ತುಂಡುಗಳು. ಕತ್ತರಿಸಿದ ಅಂಚಿನಿಂದ ಉಣ್ಣೆಯ ಎಳೆಗಳು ಜೋತಾಡುತ್ತಿದ್ದವು.

ಮಟಕಿ ಊರಿನ ಅವಳ ಮನೆಯಲ್ಲಿ ಹಿಂದಿನಿಂದಲೂ ಕಂಬಳಿ ನೇಯುತ್ತಿದ್ದರು. ಅದೇ ಮಗ್ಗದಲ್ಲಿ ಯಾರೂ ನೇಯದ್ದನ್ನು ನೇಯ್ದವಳು ನಿಂಬೆವ್ವ. ಹೂವಿಲ್ಲ, ಬಳ್ಳಿಯಿಲ್ಲ, ಬಿಳಿಯನ್ನು ಸೀಳಿಕೊಂಡು ಓರೆಯಾಗಿ ಏರುವ ಕಪ್ಪು, ಅದರ ಬೆನ್ನಿಗೆ ಕಂದು. ಊರವರು ನಕ್ಕಿದ್ದರು. ಪುಣೆಯ ಕಲಾವಿದರು ಬಂದು ಅವಳ ಮಗ್ಗದ ಮುಂದೆ ಕೂತು ಕಲಿತು ಹೋಗಿದ್ದರು. ಗೋಡೆಯಗಲದ ಈ ಬಟ್ಟೆಯನ್ನು, ಅವಳ ಸನ್ಮಾನದ ದಿನ ವೇದಿಕೆಯ ಹಿಂದೆ ತೂಗುಹಾಕುತ್ತೇನೆಂದು ಅಫಜಲಪುರದ ವ್ಯಾಪಾರಿ ದೌಲತರಾಯ ತಾನೇ ಬಂದು ಒಯ್ದಿದ್ದ.

ನಿಂಬೆವ್ವ ನೇರ ವೇದಿಕೆ ಹತ್ತಿದಳು. "ಸಾವಕಾರ್ರ, ಇದಕ್ಕ ಯಾರು ಕತ್ತರಿ ಹಾಕ್ಯಾರ?"

ದೌಲತರಾಯ ಮೈಕಿಗೆ ಕೈ ಅಡ್ಡ ಹಿಡಿದ. "ಸಿಟ್ಟಾಗಬ್ಯಾಡ ಬೇ ಅಕ್ಕಾ. ಮಂದಿ ಜಾಸ್ತಿ ಆದ್ರು, ಶಾಲು ಕಮ್ಮಿ ಬಿದ್ವು. ಇದಕ್ಕ ಬಾರ್ಡರ್ ಇಲ್ಲ, ಹೂ ಇಲ್ಲ. ಬರೇ ಕಂಬಳಿ ಅಂತ ತಿಳಕೊಂಡ್ವಿ. ನಿನ್ನ ಕೈಯಾನ ಬಟ್ಟಿ ಹೊಚ್ಚಿದ್ರ ನಿನಗೇ ಮಾನಲ್ಲೇನು?"

"ನನ್ನ ಕಡದು ನನಗ ಮಾನ ಮಾಡಾಕತ್ತೀರೇನು?"

ಮೊದಲ ಕುರ್ಚಿಯ ಅತಿಥಿಯ ಮುಂದೆ ಕೈ ಚಾಚಿದಳು. "ಕೊಡ್ರಿ." ಆತ ತಮಾಷೆಯೆಂದುಕೊಂಡು ನಕ್ಕ. "ಕೊಡ್ರಿ ಅಂದ್ನಿ!" ಎಂದು ಹೆಗಲಿನಿಂದಲೇ ಎಳೆದುಕೊಂಡಳು. ಉಳಿದವರು ಕೇಳುವ ಮೊದಲೇ ತೆಗೆದುಕೊಟ್ಟರು.

"ಅಕ್ಕಾ, ಮಂದಿ ನೋಡಾಕತ್ತಾರ," ಮೈಕು ಬಿಟ್ಟು ಅವಳ ಹಿಂದೆಯೇ ಬಂದ ದೌಲತರಾಯ ಗೋಗರೆದ.

"ನೋಡ್ಲಿ. ನೋಡಾಕಂತನೇ ನೇಯ್ದೇನಿ."

ಕುರ್ಚಿಗಳನ್ನು ಕಾಲಿನಿಂದಲೇ ಸರಿಸಿದಳು. ಅತಿಥಿಗಳು ಒಬ್ಬೊಬ್ಬರಾಗಿ ಕೆಳಗಿಳಿದರು. ನೆಲದ ಮೇಲೆ ತುಂಡಿಗೆ ತುಂಡು ಹೊಂದಿಸುತ್ತ ಹೋದಳು. ಕಪ್ಪು ಕೆಳಗಿನಿಂದ ಏರುತ್ತ ಬಂದು ನಡುವೆ ನಿಂತುಬಿಟ್ಟಿತು.

"ನಡುವಿಂದು ಎಲ್ಲಿ?"

"ಮುಖ್ಯ ಅತಿಥಿಗೋಳು ಹೊಚಗೊಂಡು ಹೋದ್ರು," ಎಂದ ದೌಲತರಾಯ, ನೆಲ ನೋಡುತ್ತ. "ಅವರಿಗೆ ಅರ್ಜೆಂಟ ಇತ್ತು."

ನಿಂಬೆವ್ವ ಆ ತುಂಡಿನಷ್ಟೇ ನೆಲ ಬಿಟ್ಟು ಉಳಿದದ್ದನ್ನು ಹಾಸಿದಳು. ಆಮೇಲೆ ಪಕ್ಕದಲ್ಲೇ ಕಾಲು ಮಡಚಿ ಕೂತಳು. ಹಾರ ತಂದವರು ಹಾರ ಹಿಡಿದುಕೊಂಡೇ ನಿಂತರು.

ಮೈಕು ಹಾಸಿದ ಬಟ್ಟೆಯ ಆಚೆ ತುದಿಯಲ್ಲಿ ಸುಮ್ಮನೆ ಗುಂಯ್‌ಗುಡುತ್ತಿತ್ತು. ಅದನ್ನು ಆರಿಸಲು ಹೊರಟ ದೌಲತರಾಯ ಬಟ್ಟೆಯ ನಡುವೆ ಅವಳು ಬಿಟ್ಟಿದ್ದ ಬರಿ ನೆಲದ ಮೇಲೆ ಇಡಲು ಕಾಲೆತ್ತಿದವನು ಇಡದೆ ಹಿಂದೆಗೆದ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಗೋಡೆಗೆ ಬೆನ್ನು ಹಚ್ಚಿ, ಸುತ್ತುಹಾಕಿ ಹೋದ.