ತೊಟ್ಟಿಲು ತೂಗಿದ ತೊಲೆಗಳು

ಹಲಸೂರಿನ ಆ ಹಳೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಜಹನಾರಾಗೆ ಶನಿವಾರದೊಳಗೆ ಉತ್ತರ ಬೇಕಿತ್ತು. ಅವಳ ತಮ್ಮ ರಿಜ್ವಾನ್ ಶಿವಾಜಿನಗರದ ಅಕ್ವೇರಿಯಂ ಅಂಗಡಿ ಮುಚ್ಚುತ್ತಿದ್ದ. ಅಲ್ಲಿ ಒಂಬತ್ತು ವರ್ಷ ಅವಳೇ ಕೈಯಾರೆ ತಿನ್ನಿಸಿ ಸಾಕಿದ ಎರಡು ಆಸ್ಕರ್ ಮೀನುಗಳಿದ್ದವು. ಅವಳು ತರದಿದ್ದರೆ ಬೇರೆಯವರು ಒಯ್ಯುತ್ತಿದ್ದರು. ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ನೀರು, ಕಲ್ಲು, ಸ್ಟ್ಯಾಂಡ್ ಎಲ್ಲ ಸೇರಿ ಸುಮಾರು ನಾನೂರೈವತ್ತು ಕಿಲೋ. ಮಹಡಿ ಅದನ್ನು ತಾಳುತ್ತದೆಯೇ ಎಂಬುದೇ ಪ್ರಶ್ನೆ.

ಮಹಡಿಯ ನೆಲ ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿ ಮಾಡಿದ್ದು. ತೊಲೆಗಳ ತುದಿ ಬೀದಿ ಗೋಡೆಯಲ್ಲಿ ಕೂತಿದ್ದರೆ ಆ ಗೋಡೆಯ ಉದ್ದಕ್ಕೂ ತೊಟ್ಟಿ ಇಡಬಹುದು, ಭಾರ ಹಂಚಿಹೋಗುತ್ತದೆ. ತೊಲೆಗಳು ಗೋಡೆಯ ಉದ್ದಕ್ಕೇ ಸಾಗಿದ್ದರೆ ಭಾರವೆಲ್ಲ ಒಂದರ ಮೇಲೇ ಬೀಳುತ್ತದೆ ಎಂದು ಮೇಸ್ತ್ರಿ ಮುನಿರಾಜ್ ಹೇಳಿದ. ಆದರೆ ಕೆಳಗಿದ್ದ ಮನೆಯೊಡತಿ ರಾಮಲಕ್ಷ್ಮಮ್ಮ ಸೀಲಿಂಗಿಗೆ ಪಿಒಪಿ ಹಾಕಿಸಿ ತೊಲೆಗಳನ್ನು ಮುಚ್ಚಿಸಿದ್ದರು. ಆ ಜಾಗದ ಕೆಳಗೇ ಅವರ ಅತ್ತೆ ಪಟಾಲಮ್ಮನ ಮಂಚ.

ಹಿಂದೆ ಈ ಕೋಣೆಯಲ್ಲಿ ಮಕ್ಕಳ ತೊಟ್ಟಿಲನ್ನು ಹೇಗೆ ಕಟ್ಟುತ್ತಿದ್ದಿರಿ ಎಂದು ಮುನಿರಾಜ್ ಅತ್ತೆ ಸೊಸೆಯನ್ನು ಕೇಳಿದ. ತೊಟ್ಟಿಲಿನ ಎರಡೂ ಕೊಕ್ಕೆ ಒಂದೇ ತೊಲೆಗೆ ಹೊಡೆಯುವುದು ಅವನು ಕಂಡ ರೂಢಿ. ಕೊಕ್ಕೆಗಳ ಸಾಲು ತಿಳಿದರೆ ತೊಲೆಯ ದಿಕ್ಕು ತಿಳಿದಂತೆ.

"ಬೀದಿಗೆ ನೇರವಾಗಿ," ಎಂದರು ಪಟಾಲಮ್ಮ.

"ಏನತ್ತೆ, ಅಡ್ಡಡ್ಡ ಇತ್ತಲ್ಲ. ನನ್ನ ಮಗಳು ರಮ್ಯನ್ನ ತೂಗಿದ್ದು ನಾನು."

"ನಿನ್ನ ಗಂಡನ್ನ ತೂಗಿದ್ದು ನಾನು."

ಜಹನಾರಾ ತಾನೇ ಗೀಚಿಕೊಂಡಿದ್ದ ಕೋಣೆಯ ನಕ್ಷೆಯನ್ನು ಒಬ್ಬರು ಹೇಳಿದಂತೆ ತಿರುಗಿಸಿದಳು, ಇನ್ನೊಬ್ಬರು ಹೇಳಿದಂತೆ ಮತ್ತೆ ತಿರುಗಿಸಿದಳು. ಕೊನೆಗೆ ರಾಮಲಕ್ಷ್ಮಮ್ಮನೇ ಸೀಲಿಂಗ್ ಕೊಯ್ಯಲು ಹೇಳಿದರು.

ಒಳಗೆ ನಾಲ್ಕು ಕೊಕ್ಕೆಗಳಿದ್ದವು. ಅತ್ತೆಯ ಎರಡೂ ಒಂದೇ ತೊಲೆಯಲ್ಲಿ. ಸೊಸೆಯವು ಅಕ್ಕಪಕ್ಕದ ಎರಡು ತೊಲೆಗಳಲ್ಲಿ ಒಂದೊಂದು. ಇಬ್ಬರು ಹೇಳಿದ್ದೂ ನಿಜ. ತೊಲೆಗಳು ಮಾತ್ರ ಬೀದಿ ಗೋಡೆಗೇ ಬಂದಿದ್ದವು. ಜಹನಾರಾ ತಮ್ಮನಿಗೆ ಹೇಳಲು ಫೋನ್ ತೆಗೆದಳು. ಮುನಿರಾಜ್ ಟಾರ್ಚನ್ನು ತೊಲೆಯ ತುದಿಗೆ ಹಿಡಿದಿದ್ದ. ಗೋಡೆಯ ತೇವಕ್ಕೆ ಮರ ಕಪ್ಪಾಗಿತ್ತು. ಚುಚ್ಚಿದರೆ ಸ್ಕ್ರೂಡ್ರೈವರ್ ಹಿಡಿಯವರೆಗೂ ಇಳಿಯಿತು.

"ಇಡಬಹುದಾ, ಇಡಬಾರದಾ?" ಎಂದಳು ಜಹನಾರಾ.

"ದಿಕ್ಕು ಸರಿಯಾಗೈತಮ್ಮ. ಮರನೇ ಇಲ್ಲ," ಎಂದ. "ಈಗ ಇದರ ಮೇಲೆ ಏನಿಟ್ಟಿದ್ದೀರಿ?"

ಜಹನಾರಾಳ ಕಬ್ಬಿಣದ ಬೀರು, ಅದರ ತುಂಬ ಪುಸ್ತಕ, ಆರು ವರ್ಷದಿಂದ. ಅದರ ತೂಕವನ್ನು ಯಾರೂ ಕೇಳಿರಲಿಲ್ಲ. ಜಹನಾರಾ ಪಟಾಲಮ್ಮನನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದಳು. ಅಷ್ಟರಲ್ಲಿ ರಾಮಲಕ್ಷ್ಮಮ್ಮ ಮಂಚದ ಒಂದು ತುದಿ ಹಿಡಿದಿದ್ದರು. ಇವಳು ಇನ್ನೊಂದು ತುದಿ ಹಿಡಿದಳು.

ಮಂಚ ಒಳಕೋಣೆಗೆ ಹೋದ ಮೇಲೆ ತಮ್ಮನಿಗೆ ಫೋನ್ ಮಾಡಿ, ಮೀನು ಒಯ್ಯುವವರ ಮನೆ ಎಲ್ಲಿ, ನೋಡೋಕೆ ಆಗಾಗ ಹೋದರೆ ಬೇಜಾರು ಮಾಡ್ಕೊಳ್ತಾರಾ ಎಂದು ಕೇಳಿದಳು.