ಹೋಲಿಕೆಯ ಊರು

"ಕೂಸೆಲ್ಲೇ ಮುದುಕಿ? ಹುಟ್ಟಿದ ಗಂಟೆಯೊಳಗೆ ತೂಕ ಆಗ್ಬೇಕು ಅಂತ ಬಡ್ಕೊಂಡಿಲ್ವಾ? ನಿಮಗೆ ಹೇಳೋದೂ ಒಂದೇ, ಹಂದಿಗೆ ಹೇಳೋದೂ ಒಂದೇ."

ಹೆರಿಗೆಗಳ ಅಧ್ಯಯನಕ್ಕೆಂದು ಗ್ವಾಟೆಮಾಲಾ ನಗರದಿಂದ ಬಂದ ಬರ್ರೂತಿಯಾ ಸಾಹೇಬ ಹೊಸ್ತಿಲಾಚೆಯೇ ನಿಂತು, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೂಗುತ್ತಿದ್ದ. ಸೂಲಗಿತ್ತಿ ಮಿಕಾಯೆಲಾ ತಲೆಯೆತ್ತಲಿಲ್ಲ. ಅವಳ ಮುಷ್ಟಿ ಬಾಣಂತಿ ಕಂದೆಲಾರಿಯಾಳ ಹೊಟ್ಟೆಯ ಮೇಲೆ ಊರಿತ್ತು. ಒತ್ತಿದಷ್ಟು ಹೊತ್ತು ಗರ್ಭಕೋಶ ಗಟ್ಟಿಯಾಗಿರುತ್ತಿತ್ತು; ಸಡಿಲಿಸಿದರೆ ಮೆತ್ತಗಾಗಿ ಚಾಪೆಯ ಮೇಲೆ ರಕ್ತ ಹರಡುತ್ತಿತ್ತು. ಕಂದೆಲಾರಿಯಾಳ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅವಳ ಗಂಡ ಕರಾವಳಿಯಲ್ಲಿ ಕಬ್ಬು ಕಡಿಯಲು ಹೋಗಿದ್ದ. ಅತ್ತೆ ತೂಲಾ ಕೂಸನ್ನು ಶಾಲಿನಲ್ಲಿ ಬೆನ್ನಿಗೆ ಕಟ್ಟಿಕೊಂಡು ಗೋಡೆಗಂಟಿ ನಿಂತಿದ್ದಳು.

"ಕೂಸು ಸಂದಾಗೈತೆ ಸಾಹೇಬ್ರೇ. ತಾಯಿದು ರಕ್ತ ನಿಲ್ತಿಲ್ಲ. ಆಸ್ಪತ್ರೆ ಕಾಣಿಸ್ಬೇಕು. ನಿಮ್ ಗಾಡಿ ಅಂಗಳದಾಗೇ ಐತಲ್ಲ."

"ಗಾಡಿ ಚೀಮುಲ್ ಊರಿನ ಬಾಣಂತೀರಿಗೆ. ನಿಮ್ಮ ಪಸೂಕ್ ಹೋಲಿಕೆಯ ಊರು. ನಿಮ್ಮೋರನ್ನ ಹತ್ತಿಸಿದ್ರೆ ಇಡೀ ಅಧ್ಯಯನ ಹಾಳು."

ಹೋದ ಸುಗ್ಗಿಯಲ್ಲಿ ಇದೇ ಸಾಹೇಬ ಚರ್ಚಿನ ಅಂಗಳದಲ್ಲಿ ತನ್ನ ಟೋಪಿಯೊಳಗೆ ಚೀಟಿ ಹಾಕಿ ಎತ್ತಿಸಿದ್ದ. ಹಳ್ಳದಾಚೆಯ ಚೀಮುಲಿಗೆ ಬಿಳಿ ಗಾಡಿ ಬಂತು. ಪಸೂಕಿಗೆ ಬಂದದ್ದು ಏನೆಂದು ಯಾರಿಗೂ ತಿಳಿಯಲಿಲ್ಲ. ಟೋಪಿಯಿಂದ ತಮ್ಮ ಊರಿನ ಹೆಸರೂ ಎದ್ದಿತೆಂದು ಹಿಗ್ಗಿದ ಹೆಂಗಸರು ಟರ್ಕಿ ಕೋಳಿ ಕೊಯ್ದು ಸಾಹೇಬನಿಗೆ ಉಣಬಡಿಸಿದ್ದರು. ತೊಡೆಯ ತುಂಡನ್ನು ಹುಡುಕಿ ಅವನ ಬೋಗುಣಿಗೆ ಹಾಕಿದವಳು ಮಿಕಾಯೆಲಾಳೇ.

"ಹೋಲಿಕೆ ಅಂದ್ರೇನ್ಲಾ ಲೀನೋ?" ತೂಲಾ ಗಾಡಿಯ ಚಾಲಕನನ್ನು ಕೇಳಿದಳು. ಅವನೂ ಅವರದೇ ಜನ, ಅವರದೇ ಮಾತಾಡುವವನು.

ಲೀನೋ ನೆಲ ನೋಡಿದ. "ಗಾಡಿ ಇರೋ ಊರಲ್ಲಿ ಎಷ್ಟು ಜನ ಉಳೀತಾರೆ ಅಂತ ಗೊತ್ತಾಗ್ಬೇಕಲ್ಲ ಅತ್ತೆ. ಅದ್ಕೆ, ಗಾಡಿ ಇಲ್ದಿರೋ ಊರಲ್ಲಿ..."

"ಎಷ್ಟು ಜನ ಸಾಯ್ತಾರೆ ಅಂತ ಎಣಿಸ್ಬೇಕು. ಅಂಗನ್ನು. ಬಾಯಲ್ಲೇನು ಕಡುಬು ಮಡೀಕಂಡಿದ್ದೀಯ?" ಎಂದಳು ತೂಲಾ.

"ಆಂಬುಲೆನ್ಸಿಗೆ ಫೋನ್ ಮಾಡಿದ್ದೀನಿ, ಬರತ್ತೆ," ಎಂದ ಬರ್ರೂತಿಯಾ.

"ಅದು ಗುಡ್ಡ ಬಳಸ್ಕಂಡು ಬರೋ ಹೊತ್ಗೆ ಇವ್ಳಿಗೆ ಗುಂಡಿ ತೋಡಿರ್ತೀವಿ," ಎಂದಳು ಮಿಕಾಯೆಲಾ. ಆಮೇಲೆ ಬಾಗಿಲಲ್ಲಿ ಮುತ್ತಿದ್ದ ಹೆಂಗಸರತ್ತ ತಿರುಗಿದಳು. "ಏನ್ ನೋಡ್ತಾ ನಿಂತಿದ್ದೀರ್ರೇ? ಕಂಬಳಿ ಹಿಡೀರಿ."

ನಾಲ್ಕು ಮೂಲೆಗೆ ನಾಲ್ವರು ಹಿಡಿದರು. ಮಿಕಾಯೆಲಾ ಮುಷ್ಟಿ ತೆಗೆಯದೆ, ಏಡಿಯ ಹಾಗೆ ಪಕ್ಕಪಕ್ಕಕ್ಕೆ ಹೆಜ್ಜೆ ಹಾಕುತ್ತ ಜೊತೆಗೆ ಹೋದಳು. ಗಾಡಿಯೊಳಗಿದ್ದ ಪೆಟ್ಟಿಗೆಗಳನ್ನು ಹೆಂಗಸರು ಕೆಳಕ್ಕೆ ತಳ್ಳಿ ಕಂದೆಲಾರಿಯಾಳನ್ನು ಮಲಗಿಸಿದರು. ಲೀನೋ ಸ್ಟಿಯರಿಂಗ್ ಮುಂದೆ ಹೋಗಿ ಕೂತದ್ದೇ ತಡ, ಬರ್ರೂತಿಯಾ ಕಿಟಕಿಯಿಂದ ಕೈ ತೂರಿಸಿ ಕೀಲಿಕೈ ಕಿತ್ತುಕೊಂಡು ಜೇಬಿಗೆ ಹಾಕಿದ.

"ಇಳಿಯೋ ಲೀನೋ. ನಾಳೆಯಿಂದ ಜೋಳದ ಹೊಲಕ್ಕೆ ಹೋಗ್ತೀಯಾ?"

ಲೀನೋ ಇಳಿಯಲಿಲ್ಲ.

"ಥೂ, ನಿನ್ ವಂಶ ಹಾಳಾಗ! ಕೊಡೋ ಕೀನ, ಬೋಳಿಮಗನೆ!" ಮಿಕಾಯೆಲಾಳಿಗೆ ಬಾಯಿ ಮಾತ್ರವೇ ಇತ್ತು, ಕೈ ಎತ್ತುವಂತಿರಲಿಲ್ಲ.

ಸಾಹೇಬ ಗಡಿಯಾರ ನೋಡಿಕೊಂಡ. "ಬೈಕೋ. ಏ ನೀನು, ಕೂಸನ್ನ ತಾ. ಗಂಟೆ ತುಂಬ್ತಾ ಬಂತು. ತಡ ಆದ್ರೆ ಆ ತೂಕ ಲೆಕ್ಕಕ್ಕೇ ಬರಲ್ಲ."

ತೂಲಾ ಶಾಲಿನ ಗಂಟನ್ನು ಮುಟ್ಟಿ ನೋಡಿಕೊಂಡಳು. "ಲೆಕ್ಕಕ್ಕೆ ಬರಾಕಿಲ್ವಾ?"

"ಬರಲ್ಲ."

ಅಂಗಳದ ಮೂಲೆಯಲ್ಲಿ, ಬಾಣಂತಿಯ ಹಬೆಸ್ನಾನಕ್ಕೆಂದು ಬೆಳಗಿನಿಂದ ಕಾಯಿಸಿದ್ದ ಮಣ್ಣಿನ ಹಬೆಗೂಡು ಇನ್ನೂ ಬೆಚ್ಚಗಿತ್ತು. ತೂಲಾ ಅತ್ತ ನಡೆದಳು. ತೆವಳಿ ಹೋಗುವಷ್ಟೇ ಅದರ ಬಾಯಿ. ಕೂಸನ್ನು ಎದೆಗೆ ಎಳೆದುಕೊಂಡು ಒಳಗೆ ನುಸುಳಿ ಬಾಯಿಗೆ ಅಡ್ಡ ಹಲಗೆ ಎಳೆದುಕೊಂಡಳು. ಇಬ್ಬರು ಹೆಂಗಸರು ಆ ಹಲಗೆಗೆ ಬೆನ್ನು ಕೊಟ್ಟು ಕೂತರು.

"ಕೀ ಕೊಡು, ಕೂಸ್ನ ತೂಗು," ಒಳಗಿನಿಂದ ತೂಲಾಳ ದನಿ ಬಂತು. "ಕೊಡ್ಲಿಲ್ಲ ಅಂದ್ರೆ ಇವತ್ತಿಂದ ಈ ಊರಾಗೆ ಒಂದು ಕೂಸೂ ನಿನ್ ತಕ್ಡಿ ಹತ್ತಾಕಿಲ್ಲ."

"ನಮ್ದೂ ಇಲ್ಲ," ಎಂದಳು ಹಲಗೆಗೆ ಒರಗಿದ ಬಸುರಿ.

ಬರ್ರೂತಿಯಾ ಎರಡು ಹೆಜ್ಜೆ ಗೂಡಿನ ಕಡೆ ಹೋದ, ನಿಂತ, ಗಾಡಿಯ ಕಡೆ ತಿರುಗಿದ. ಕೊನೆಗೆ ಫೋನು ತೆಗೆದು ನಗರದಲ್ಲಿದ್ದ ಅಧ್ಯಯನದ ಮುಖ್ಯಸ್ಥರಿಗೆ ಮಾಡಿದ.

"ಡಾಕ್ಟ್ರೇ, ಒಂದು ತೊಂದರೆ ಆಗಿದೆ. ಗಾಡಿ ಬಿಟ್ರೆ ಹೋಲಿಕೆ ಕೆಡುತ್ತೆ. ಬಿಡದಿದ್ರೆ ತೂಕ ತಪ್ಪುತ್ತೆ, ಮುಂದಿನವೂ ತಪ್ಪಬಹುದು. ಯಾವುದು ಹೋದ್ರೆ ಪರವಾಗಿಲ್ಲ? ...ಹಾಂ, ಹಾಂ. ಕಾಯ್ತೀನಿ, ಎಲ್ಲರನ್ನೂ ಕೇಳಿ ಹೇಳಿ."

ಅವನು ಫೋನನ್ನು ಕಿವಿಗಿಟ್ಟುಕೊಂಡೇ, ಜೇಬಿನೊಳಗೆ ಕೀಲಿಕೈ ಆಡಿಸುತ್ತ ಅಂಗಳದಲ್ಲಿ ಅಡ್ಡಾಡತೊಡಗಿದ. ಲೀನೋ ಸ್ಟಿಯರಿಂಗ್ ಹಿಡಿದು ಮುಂದಿನ ದಾರಿಯನ್ನೇ ನೋಡುತ್ತಿದ್ದ. ಗಾಡಿಯ ತಗಡಿನ ಅಂಚಿನಿಂದ ರಕ್ತ ತೊಟ್ಟಿಕ್ಕಿ ಮಣ್ಣಿಗೆ ಬೀಳುತ್ತಿತ್ತು. ಕಲ್ಲಿನಂತೆ ನಿಂತಿದ್ದ ಗರ್ಭಕೋಶ ತನ್ನ ಮುಷ್ಟಿಯಡಿ ಮತ್ತೆ ಮೆತ್ತಗಾಗುತ್ತಿರುವುದು ಮಿಕಾಯೆಲಾಳಿಗೆ ತಿಳಿಯುತ್ತಿತ್ತು.