ಎಡಬಾಗಿಲ ಗಾಜು

"ಬಿಡ್ಬೇಡಿ ಅತ್ತಿಗೆ, ಬಿಟ್ರೆ ಗಾಜು ದಡಕ್ಕಂತ ಬಾಗಿಲೊಳಗೆ ಹೋಗಿಬಿಡುತ್ತೆ."

ಅವಳು ಕಾರಿನ ತೆರೆದ ಎಡಬಾಗಿಲ ಬಳಿ ನಿಂತು, ಗಾಜನ್ನು ಎರಡೂ ಕಡೆಯಿಂದ ಅಂಗೈಯಲ್ಲಿ ಅದುಮಿ ಹಿಡಿದಿದ್ದಳು. ಮೈದುನ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಬಾಗಿಲ ಹೊಟ್ಟೆಯೊಳಗೆ ಮೊಣಕೈವರೆಗೂ ಕೈ ಹಾಕಿ, ಗಾಜು ಏರಿಸಿ ಇಳಿಸುವ, ಸುಟ್ಟುಹೋದ ಮೋಟಾರನ್ನು ಬಿಚ್ಚುತ್ತಿದ್ದ. ಬಾಗಿಲ ಒಳಹೊದಿಕೆ ಗೋಡೆಗೆ ಒರಗಿತ್ತು.

"ಕ್ಲಿಪ್ಪು ಮುರಿದಿದ್ದು ನಾನಲ್ಲ, ಮೊದಲೇ ಮುರಿದಿತ್ತು."

"ನಾನೇನೂ ಕೇಳಲಿಲ್ವಲ್ಲ."

"ಅಣ್ಣ ಇದ್ದಿದ್ರೆ ಕೇಳ್ತಿದ್ದ. ಅದಕ್ಕೇ ಮುಂಚೇನೇ ಹೇಳ್ಬಿಟ್ಟೆ." ಅವನು ನಗಲು ಹೋಗಿ ನಿಲ್ಲಿಸಿದ.

ಭಾನುವಾರ ಕಾರು ನೋಡಲು ಯಾರೋ ಬರುವವರಿದ್ದರು. ಹಳೆಯ ಕಾರು, ಗಾಜೂ ಇಳಿಯದಿದ್ದರೆ ಕೊಳ್ಳುವವರು ಮೂಗು ಮುರಿಯುತ್ತಾರೆ ಎಂದು ಮೈದುನನೇ ರಿಪೇರಿಗೆ ಕೂತಿದ್ದ. ಗಂಡ ಬದುಕಿದ್ದಾಗಲೇ ಕೆಟ್ಟಿದ್ದ ಗಾಜು ಅದು. ಅವಳು ನೆನಪಿಸಿದಾಗಲೆಲ್ಲ, "ಎಸಿ ಇದೆಯಲ್ಲ, ಗಾಳಿ ಯಾಕೆ?" ಎಂದು ಅವನು ಮುಂದೂಡುತ್ತ ಬಂದಿದ್ದ.

ಆ ಕೊನೆಯ ಬೆಳಿಗ್ಗೆ ಗಂಡ ಕೂತದ್ದು ಇದೇ ಬಾಗಿಲ ಪಕ್ಕದಲ್ಲಿ. ಎದೆ ಸ್ವಲ್ಪ ಹಿಡಿದಂತಿದೆ, ಡಾಕ್ಟರಿಗೆ ತೋರಿಸಿ ತಿಂಡಿಗೆ ಬಂದುಬಿಡುತ್ತೇನೆ ಎಂದಿದ್ದ. ಮೈದುನ ಎಂಜಿನ್ ಚಾಲೂ ಮಾಡಿದ್ದ. ಗಾಜಿನ ಹಿಂದೆ ಗಂಡನ ತುಟಿ ಅಲ್ಲಾಡಿತು. ಅವಳಿಗೆ ಏನೂ ಕೇಳಿಸಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದಳು. ಹೂಂ ಎಂದು ತಲೆಯಾಡಿಸಿ ಒಳಗೆ ಓಡಿದಳು. ತಿಂಡಿಗೆ ಅವನು ಬರಲಿಲ್ಲ. ಫೋನು ಬಂದಾಗ ಎಲ್ಲ ಮುಗಿದಿತ್ತು.

ಯಾವುದಕ್ಕೆ ಹೂಂ ಅಂದೆ ಎಂದು ಅವಳು ಅಂದಿನಿಂದ ಊಹಿಸುತ್ತಲೇ ಇದ್ದಳು. ಅಮ್ಮನಿಗೆ ಹೇಳಬೇಡ ಅಂದಿರಬಹುದು. ಗ್ಯಾಸು ಬುಕ್ ಮಾಡು ಅಂದಿರಬಹುದು. ಬಾಗಿಲು ತೆಗೆದು, ಏನು ಎಂದು ಕೇಳಿದ್ದರೆ ಸಾಕಿತ್ತು. ಮೈದುನನಿಗೆ ಗೊತ್ತಿತ್ತು. ಆದರೆ ಅವನನ್ನು ಕೇಳಿದರೆ, ಅಂದು ಕಿವಿಗೊಡಲಿಲ್ಲ ಎಂದು ಒಪ್ಪಿಕೊಂಡಂತಾಗುತ್ತಿತ್ತು.

"ಕೈ ಸೋತ್ವಾ ಅತ್ತಿಗೆ?"

"ಇಲ್ಲ." ಅವಳು ಗಾಜನ್ನೇ ನೋಡುತ್ತಿದ್ದಳು. "ಅವತ್ತು ಹೊರಡುವಾಗ ನಿಮ್ಮಣ್ಣ ಏನೋ ಅಂದ್ರಲ್ಲ... ನಂಗೆ ಕೇಳಿಸ್ಲೇ ಇಲ್ಲ ಕಣಪ್ಪ. ಸುಮ್ನೆ ಹೂಂ ಅಂದೆ."

ಬಾಗಿಲೊಳಗಿನ ಸದ್ದು ನಿಂತಿತು.

"ಕೇಳಿಸ್ಲಿಲ್ವಾ?"

"ಗಾಜು ಏರಿಸಿತ್ತಲ್ಲ."

ಅವನು ತಲೆ ಎತ್ತಲಿಲ್ಲ. "ನೀನೂ ಬಾರೇ, ಅಂದ. ನೀವು ಹೂಂ ಅಂದು ಒಳಗೆ ಹೋದ್ರಿ. ಚಪ್ಪಲಿ ಹಾಕ್ಕೊಂಡು ಬರ್ತೀರಿ ಅಂದ್ಕೊಂಡ್ವಿ. ಗೇಟಿನ ಹತ್ರ ಕಾದ್ವಿ. ಆಮೇಲೆ ಅಣ್ಣನೇ, ಹೋಗ್ಲಿ ಬಿಡು, ಅವಳಿಗೆ ಕೆಲಸ ಇರುತ್ತೆ, ಹೊರಡು ಅಂದ."

"ಹಾರ್ನ್ ಮಾಡ್ಬಹುದಿತ್ತಲ್ಲ."

"ಬೇಡ ಅಂದ. ಅಕ್ಕಪಕ್ಕದೋರು ಎದ್ದು ಬರ್ತಾರೆ ಅಂತ." ಮತ್ತೊಂದು ತಿರುಪು ಬಿಚ್ಚುತ್ತ ಹೇಳಿದ, "ಮಾಡ್ಬೇಕಿತ್ತು. ನಿಮಗೆ ಬರೋಕೆ ಇಷ್ಟ ಇರಲಿಲ್ವೇನೋ ಅಂತ ನಾನೂ ಆಮೇಲೆ ಆ ಮಾತು ಎತ್ತಲಿಲ್ಲ."

ಅವಳಿಗೆ ಹಾಲು ನೆನಪಾಯಿತು. ಓಡಿ ಹೋದಾಗ ಅದು ಇನ್ನೂ ಬಿಸಿಯೇ ಆಗಿರಲಿಲ್ಲ. ಉಕ್ಕುವವರೆಗೂ ಒಲೆಯ ಮುಂದೆ ನಿಂತಿದ್ದಳು.

ಗುಜರಿಯಿಂದ ತಂದ ಬೇರೆ ಮೋಟಾರು ಕೊನೆಗೆ ಕೂತಿತು. "ಈಗ ಬಿಡಿ," ಎಂದು ಮೈದುನ ಎದ್ದು, ಆಚೆ ಬದಿಯಿಂದ ಕೈ ಚಾಚಿ ಕೀಲಿ ತಿರುಗಿಸಿ ಗುಂಡಿ ಒತ್ತಿದ. ಗಾಜು ಗೊಣಗುತ್ತ ಕೆಳಗಿಳಿಯಿತು. ಧೂಳಿನಲ್ಲಿ ಮೂಡಿದ್ದ ಅವಳ ಅಂಗೈ ಗುರುತೂ ಬಾಗಿಲೊಳಗೆ ಹೋಯಿತು.

ಅವಳು ಗಂಡ ಕೂತಿದ್ದ ಸೀಟಿನಲ್ಲಿ ಕೂತಳು. ಬೆಲ್ಟನ್ನು ಎಳೆದು ಸಿಕ್ಕಿಸಿಕೊಂಡಳು.

"ಅತ್ತಿಗೆ, ಬಾಗಿಲು ಇನ್ನೂ ಬಿಚ್ಚಿದ ಹಾಗೇ ಇದೆ."

"ಗೊತ್ತು."

ಮೈದುನ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ಆಮೇಲೆ ಸ್ಟೇರಿಂಗಿನ ಮುಂದೆ ಕೂತು, ತನ್ನ ಬೆಲ್ಟನ್ನೂ ಹಾಕಿಕೊಂಡ.